ಊಟವಾದ ಮೇಲಿನ ಓದು

ಬೆರಳು ಚೀಪುತ್ತಿದ್ದ ಕರು ಇದ್ದಕ್ಕಿದ್ದಂತೆ ನಿಲ್ಲಿಸಿ ಟ್ರೀನಾಳ ಮುಖ ನೋಡಿತು. ಮೋಸ ಗೊತ್ತಾಗಿಹೋಯಿತು ಎಂದುಕೊಂಡಳು. ಆದರೆ ಕರು ಮತ್ತೆ ಕಣ್ಣು ಅರೆಮುಚ್ಚಿ ಚೀಪತೊಡಗಿತು.

ಹೊಸ ಕರುವಿಗೆ ಬಕೆಟ್ಟಿನಲ್ಲಿ ಕುಡಿಯಲು ಕಲಿಸುವುದು ಹೀಗೆ. ಅದರ ಕತ್ತನ್ನು ಎರಡು ಮೊಣಕಾಲುಗಳ ನಡುವೆ ಹಿಡಿದುಕೊಳ್ಳಬೇಕು. ಎರಡು ಬೆರಳನ್ನು ಬಾಯೊಳಗಿಟ್ಟು ಮೂತಿಯನ್ನು ಮೆಲ್ಲಗೆ ಹಾಲಿಗೆ ಇಳಿಸಬೇಕು. ಬೆರಳನ್ನೇ ಮೊಲೆಯೆಂದು ತಿಳಿದು ಚೀಪುತ್ತಾ ಹಾಲು ಕುಡಿಯುತ್ತದೆ. ಆಮೇಲೆ ಅದಕ್ಕೆ ತಿಳಿಯದ ಹಾಗೆ ಬೆರಳು ಜಾರಿಸಿಕೊಳ್ಳಬೇಕು. ಚುರುಕಾದ ಕರುವಾದರೆ ಕುಡಿಯುತ್ತಲೇ ಇರುತ್ತದೆ. ಇದು ಚುರುಕಿನದಲ್ಲ. ಬೆರಳು ತೆಗೆದದ್ದೇ ತಲೆಯೆತ್ತಿ ಬರಿಯ ಗಾಳಿಯನ್ನು ಚೀಪುತ್ತಾ ನಿಂತುಬಿಡುತ್ತಿತ್ತು. ಹಾಲಿನ ಬಕೆಟ್ಟು ಮೂತಿಯ ಕೆಳಗೇ ಇತ್ತು.

"ಟ್ರೀನಾ!"

ಕೊಟ್ಟಿಗೆಯ ಬಾಗಿಲಲ್ಲಿ ಅಮ್ಮ. ಹಿಟ್ಟು ಮೆತ್ತಿದ ಕೈಯನ್ನು ಮೈಗೆ ತಾಗಿಸದೆ ದೂರ ಹಿಡಿದು ನಿಂತಿದ್ದಳು, ಬೇರೆ ಯಾರದೋ ಕೈಗಳನ್ನು ಎತ್ತಿಕೊಂಡು ಬಂದವಳಂತೆ.

"ಹೆಂಕ್ ಫೋನ್ ಮಾಡಿದ್ದ. ಮುಂದಿನ ವಾರ ಅಲ್ವಂತೆ. ಇವತ್ತು ಸಂಜೇನೇ ಬರ್ತಾರಂತೆ."

"ಯಾರು?" ಯಾರೆಂದು ಟ್ರೀನಾಳಿಗೆ ಗೊತ್ತಿತ್ತು.

"ಯಾರು ಅಂತ ಕೇಳ್ತೀಯಲ್ಲ. ಹಿರಿಯರು. ಮನೆ ಭೇಟಿಗೆ."

"ನಾನು ರಜಕ್ಕೆ ಬಂದ ವಾರಾನೇ ಸಿಕ್ತಾ ಅವರಿಗೆ?"

ಅಮ್ಮ ಹುಲ್ಲಿನ ಕಡೆ ನೋಡಿದಳು. "ನೀನು ಇರ್ತೀಯ ಅಂತ ನಾನೇ ಹೇಳ್ದೆ. ಹೇಳ್ಬಾರದಿತ್ತಾ?"

ಅಷ್ಟರಲ್ಲಿ ಕರು ಬಕೆಟ್ಟಿಗೆ ಗುದ್ದಿತು. ಬೆಚ್ಚಗಿನ ಹಾಲು ಒಣಹುಲ್ಲಿನ ಮೇಲೆ ಹರಿದು, ಅವಳ ಬೂಟಿನ ಸುತ್ತ ಬಂದು, ಎಲ್ಲೋ ಇಂಗಿಹೋಯಿತು.

"ಬಿಡು, ಬಿಡು," ಎಂದಳು ಅಮ್ಮ. "ಇನ್ನೊಂದು ಬಕೆಟ್ ತಂದ್ಕೊಡ್ತೀನಿ. ಅದಕ್ಕೇನು ಗೊತ್ತಾಗುತ್ತೆ, ಪಾಪ."

ವರ್ಷಕ್ಕೊಮ್ಮೆ ಚರ್ಚಿನ ಹಿರಿಯರು ಇಬ್ಬಿಬ್ಬರಾಗಿ ಮನೆಮನೆಗೆ ಬರುತ್ತಾರೆ. ಮುಂದಿನ ಕೋಣೆಯಲ್ಲಿ ಕೂತು, ಕಾಫಿ ಕುಡಿದು, ಈ ಮನೆಯಲ್ಲಿ ದೇವರೊಡನೆ ಹೇಗೆ ನಡೆಯುತ್ತಿದೆ ಎಂದು ಕೇಳುತ್ತಾರೆ. ಜೋಳ ಹೇಗೆ ಬಂತು ಎಂದು ಕೇಳುವ ಧ್ವನಿಯಲ್ಲೇ ಕೇಳುತ್ತಾರೆ. ಉತ್ತರಗಳಿಗೂ ಒಂದು ಅಚ್ಚು ಇದೆ. ಅಪ್ಪ "ನಡೀತಾ ಇದೆ" ಎನ್ನುತ್ತಾನೆ. ಅದು ಜೋಳಕ್ಕೂ ಸಲ್ಲುತ್ತದೆ.

ಬೆಳೆದ ಮಕ್ಕಳಿಗೆ ಇನ್ನೊಂದು ಪ್ರಶ್ನೆ ಇರುತ್ತದೆ. ಸಭೆಯ ಮುಂದೆ ನಿಂತು, ಹೌದು, ನನಗೆ ನಂಬಿಕೆ ಇದೆ ಎಂದು ಬಾಯಿಬಿಟ್ಟು ಹೇಳುವುದು ಯಾವಾಗ? ಟ್ರೀನಾಳ ಜೊತೆ ಓದಿದವರೆಲ್ಲ ಹೇಳಿ ಆಗಿತ್ತು. ಅವಳನ್ನು ಮೊದಲ ಸಲ ಕೇಳಿದಾಗ, ಕಾಲೇಜಿಗೆ ಸೇರಿ ಒಂದು ನೆಲೆ ಸಿಗಲಿ ಎಂದಿದ್ದಳು. ಹಿರಿಯರು ತಲೆಯಾಡಿಸಿದ್ದರು. ಮರುವರ್ಷ, ಯೋಚಿಸುತ್ತಿದ್ದೇನೆ ಎಂದಿದ್ದಳು. ಯೋಚಿಸುವುದು ಒಳ್ಳೆಯದು ಎಂದಿದ್ದರು. ಈಗ ಉಳಿದಿರುವುದು ಹೌದು ಮತ್ತು ಇಲ್ಲ.

ಇಲ್ಲ ಎಂದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಅದೇ ಅವಳ ಹೆದರಿಕೆ. ಈ ಊರಿನಲ್ಲಿ ಯಾರೂ ಕೂಗಾಡುವುದಿಲ್ಲ. ಭಾನುವಾರ ಚರ್ಚಿನ ಬಾಗಿಲಲ್ಲಿ ಹೆಂಗಸರು ಅಮ್ಮನ ತೋಳನ್ನು ಎಂದಿಗಿಂತ ತುಸು ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತಾರೆ. ಸೋಮವಾರದ ಹೊತ್ತಿಗೆ ಹಿಂಬಾಗಿಲ ಮೆಟ್ಟಿಲ ಮೇಲೆ ಬಟ್ಟೆ ಮುಚ್ಚಿದ ಒಂದು ಪಾತ್ರೆ ಬಂದು ಕೂತಿರುತ್ತದೆ. ಒಳಗೆ ಮಾಂಸ, ನೂಡಲ್ಸು, ಮೇಲೆ ಕರಗಿದ ಚೀಸು. ಸಾವಾದ ಮನೆಗೆ ಕೊಡುವಂಥದು. ತಳದಲ್ಲಿ ಕೊಟ್ಟವರ ಹೆಸರು ಅಂಟಿಸಿರುತ್ತದೆ, ಪಾತ್ರೆ ತೊಳೆದು ಹಿಂದಿರುಗಿಸಲೆಂದು.

ಹೌದು ಎಂದರೆ? ಅದು ಸುಳ್ಳಾಗುತ್ತದೆಯೇ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಸುಳ್ಳು ಎನ್ನುವುದಕ್ಕಾದರೂ ನಿಜ ಏನೆಂದು ಗೊತ್ತಿರಬೇಕು. ಕಾಲೇಜಿನಲ್ಲಿ, ದೇವರೆಂದರೆ ನಗುವವರ ನಡುವೆ, ಅವಳು ಭಕ್ತಳಾಗಿರುತ್ತಿದ್ದಳು. ಇಲ್ಲಿ ಚರ್ಚಿನ ಬೆಂಚಿನಲ್ಲಿ ಅಪ್ಪ ಅಮ್ಮನ ನಡುವೆ ಕೂತಾಗ ಕಳ್ಳಿಯಾಗುತ್ತಿದ್ದಳು. ಒಮ್ಮೆ ಪರೀಕ್ಷಿಸಿಯೂ ನೋಡಿದ್ದಳು. ಹಾಸ್ಟೆಲಿನಲ್ಲಿ ಪ್ರಾರ್ಥನೆ ಮಾಡದೆ ಊಟ ಮಾಡಿದಳು. ಊಟದ ರುಚಿ ಒಂದು ಚೂರೂ ಬದಲಾಗಲಿಲ್ಲ. ಬದಲಾಗಲಿಲ್ಲ ಎನ್ನುವುದೇ ದಿನವೆಲ್ಲ ಅವಳನ್ನು ಹೆದರಿಸಿತ್ತು.

ಕರು ಎರಡನೆಯ ಬಕೆಟ್ಟನ್ನು ಬೆರಳಿನ ಜೊತೆಗೇ ಮುಗಿಸಿತು. ಬೆರಳ ಚರ್ಮ ಸುಕ್ಕಾಗಿತ್ತು.

ಮಧ್ಯಾಹ್ನದ ಊಟಕ್ಕೆ ಅಪ್ಪ ಹೊಲದಿಂದ ಬಂದ. ಆರ್ಲನ್ ವಿಸರ್ ದೊಡ್ಡ ಮೈಯ, ಸಣ್ಣ ಧ್ವನಿಯ ಮನುಷ್ಯ. ಟೋಪಿ ತೆಗೆದರೆ ಹಣೆಯ ಅರ್ಧ ಬಿಳಿ, ಅರ್ಧ ಕೆಂಪು. ಆಲೂಗಡ್ಡೆಯ ಮೇಲೆ ಗ್ರೇವಿ ಸುರಿದುಕೊಳ್ಳುತ್ತಾ, "ಹೆಂಕ್ ಬರ್ತಾನಂತೆ," ಎಂದ.

"ಗೊತ್ತು," ಎಂದಳು ಟ್ರೀನಾ.

"ಜೊತೇಲಿ ಡ್ವೈಟ್ ರೂರ್ಡಾ."

"ಲೆಕ್ಕದ ಮೇಷ್ಟ್ರಾ? ಅವರು ಯಾವಾಗ ಹಿರಿಯರಾದ್ರು?"

"ಕೂದಲು ಉದುರಿದ ಮೇಲೆ," ಎಂದ ಅಪ್ಪ. ಅಮ್ಮ ನಕ್ಕಳು. ಮಾತು ಅಲ್ಲಿಗೆ ಮುಗಿಯಿತು. ಈ ಮನೆಯಲ್ಲಿ ನಗೆಯಾದ ಮೇಲೆ ಮಾತು ಮುಂದುವರಿಯುತ್ತಿರಲಿಲ್ಲ.

ಊಟವಾದ ಮೇಲೆ ಯಾರೂ ಏಳಲಿಲ್ಲ. ಊಟವಾದ ಮೇಲೆ ಈ ಮನೆಯಲ್ಲಿ ಯಾರೂ ಎಂದೂ ಎದ್ದವರಲ್ಲ. ಅಪ್ಪ ಕೂತಲ್ಲಿಂದಲೇ ಕೈ ಚಾಚಿ ಫ್ರಿಜ್ಜಿನ ಮೇಲಿದ್ದ ದೇವರ ಪುಸ್ತಕ ತೆಗೆದುಕೊಂಡ. ಪ್ರತಿ ಊಟಕ್ಕೆ ಒಂದು ಅಧ್ಯಾಯ. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಮತ್ತೆ ಮೊದಲ ಪುಟದಿಂದ. ಅವನ ಅಪ್ಪ ಓದುತ್ತಿದ್ದದ್ದೂ ಹೀಗೆಯೇ.

ಟ್ರೀನಾ ಚಿಕ್ಕವಳಿದ್ದಾಗ ಓದು ಮುಗಿದ ಕೂಡಲೇ ಅಪ್ಪ ಪುಸ್ತಕ ಮುಚ್ಚಿ, "ಕೊನೇ ಪದ?" ಎಂದು ಕೇಳುತ್ತಿದ್ದ. ಗಮನವಿಟ್ಟು ಕೇಳಿದ್ದಾಳೆಯೇ ಎಂದು ನೋಡಲು. ಊರಿನ ಎಲ್ಲ ಅಪ್ಪಂದಿರೂ ಕೇಳುತ್ತಿದ್ದರು. ಸರಿ ಹೇಳಿದರೆ ಅವನ ದೊಡ್ಡ ಕೈ ಬಂದು ತಲೆಯ ಮೇಲೆ ಕೂರುತ್ತಿತ್ತು. ತಪ್ಪಿದರೆ ಅಧ್ಯಾಯ ಮತ್ತೆ ಮೊದಲಿನಿಂದ, ತಟ್ಟೆಯ ಗ್ರೇವಿ ಹೆಪ್ಪುಗಟ್ಟುವವರೆಗೆ.

ಟ್ರೀನಾ ತಪ್ಪುತ್ತಿರಲಿಲ್ಲ. ಅವಳಿಗೊಂದು ವಿದ್ಯೆ ಸಿದ್ಧಿಸಿತ್ತು. ಓದುವ ಧ್ವನಿಯನ್ನು ಫ್ರಿಜ್ಜಿನ ಗುಂಯ್‌ಗುಡುವಿಕೆಯ ಹಾಗೆ ಹರಿಯಲು ಬಿಟ್ಟು ತಾನು ಎಲ್ಲೋ ತಿರುಗಾಡಿಕೊಂಡಿರುವುದು. ಕೊನೆಗೆ ಬರುತ್ತಿದ್ದಂತೆ ಅಪ್ಪನ ಧ್ವನಿ ನಿಧಾನವಾಗುತ್ತದೆ, ಇಳಿಯುತ್ತದೆ. ಆಗ ಎಚ್ಚೆತ್ತು ಕೊನೆಯ ಪದವನ್ನು ಹಿಡಿದುಕೊಳ್ಳುವುದು. ಧೂಳು. ಒಂಟೆಗಳು. ಹೆಂಡತಿ. ಎಂದೆಂದಿಗೂ. ವಾಕ್ಯಗಳಿಲ್ಲದ ಪದಗಳ ದೊಡ್ಡ ರಾಶಿ ಅವಳೊಳಗೆ ಎಲ್ಲೋ ಬಿದ್ದಿತ್ತು.

ಅಪ್ಪನದು ಇನ್ನೂ ಮೇಲು. ಅವನ ಅಪ್ಪ ಓದುತ್ತಿದ್ದದ್ದು ಡಚ್ ಭಾಷೆಯಲ್ಲಿ, ಮಕ್ಕಳಿಗೆ ಬಾರದ ಭಾಷೆಯಲ್ಲಿ. "ಕೊನೇ ಪದ ಹೇಳ್ತಿದ್ದೆ," ಎಂದು ಅಪ್ಪ ನೆಂಟರ ಮುಂದೆ ಹೇಳುವುದಿತ್ತು. "ಹಂಗಂದ್ರೇನು ಅಂತ ಇವತ್ತಿಗೂ ಗೊತ್ತಿಲ್ಲ. ಆದ್ರೆ ಸರಿಯಾಗೇ ಇರ್ತಿತ್ತು." ಎಲ್ಲರೂ ನಗುತ್ತಿದ್ದರು.

ಕಾಲೇಜಿಗೆ ಸೇರಿದ ಹೊಸತರಲ್ಲಿ ಊಟದ ಕೋಣೆಯಲ್ಲಿ ಒಂದು ದಿನ ತಟ್ಟೆ ಖಾಲಿಯಾದ ಮೇಲೂ ಅವಳು ಕೂತೇ ಇದ್ದಳು. ಜೊತೆಗಾರ್ತಿಯರು ಟ್ರೇ ಎತ್ತಿಕೊಂಡು ಎದ್ದಿದ್ದರು. "ಏನೇ, ಇನ್ನೂ ಹೊಟ್ಟೆ ತುಂಬ್ಲಿಲ್ವಾ?" ಎಂದು ಯಾರೋ ಕೇಳಿದರು. ತಾನು ಯಾವುದಕ್ಕೆ ಕಾಯುತ್ತಿದ್ದೇನೆಂದು ಅವಳಿಗೆ ಹೊಳೆದದ್ದು ಆಮೇಲೆ. ಮನಃಶಾಸ್ತ್ರದ ಪಾಠದಲ್ಲಿ ಇದಕ್ಕೊಂದು ಹೆಸರಿತ್ತು. ಹೆಸರು ಕಲಿತ ಮೇಲೂ ಊಟ ಮುಗಿದೊಡನೆ ಅವಳ ತಲೆ ತಾನಾಗಿ ಬಗ್ಗುತ್ತಿತ್ತು.

ಇವತ್ತು ಮಾತ್ರ ಅವಳು ಕೇಳಿಸಿಕೊಂಡಳು. ಸಂಜೆಯ ದಿಗಿಲಿಗೆ ಬೇರೆಲ್ಲೂ ತಿರುಗಾಡಲು ಮನಸ್ಸಾಗದೆ, ಮೊದಲ ಸಲ, ಓದಿನ ಒಳಗೇ ಉಳಿದುಕೊಂಡಳು. ಮಗ ದಂಗೆಯೆದ್ದಿದ್ದಾನೆ. ಮುದಿ ರಾಜ ಊರು ಬಿಟ್ಟು ಓಡಿದ್ದಾನೆ. ದಾರಿಯ ಜನ ಅವನಿಗೆ ಹಾಸಿಗೆ, ಮಡಕೆ, ಹುರಿದ ಕಾಳು ತಂದುಕೊಡುತ್ತಾರೆ. ಕತೆ ಅವಳಿಗೆ ಗೊತ್ತಿದ್ದದ್ದೇ. ಭಾನುವಾರದ ಪಾಠದ ಕೋಣೆಯ ಗೋಡೆಯಲ್ಲಿ ಅದರ ಚಿತ್ರವಿತ್ತು. ಓಡುವ ಹೇಸರಗತ್ತೆಯ ಮೇಲಿನ ರಾಜಕುಮಾರನ ಉದ್ದ ಕೂದಲು ಮರದ ಕೊಂಬೆಗೆ ಸಿಕ್ಕಿಕೊಂಡಿದೆ. ಕತ್ತೆ ಓಡಿಹೋಗಿದೆ. ಅವನು ಆಕಾಶಕ್ಕೂ ಭೂಮಿಗೂ ನಡುವೆ ನೇತಾಡುತ್ತಿದ್ದಾನೆ. ಅಲ್ಲೇ ಅವನನ್ನು ಇರಿದು ಕೊಲ್ಲುತ್ತಾರೆ. ಆಮೇಲೆ ಅವನ ಅಪ್ಪ, ಆ ರಾಜ, ಅಳುತ್ತಾನೆ. ಚಿಕ್ಕವಳಿದ್ದಾಗ ಆ ಚಿತ್ರ ನೋಡಿ ಅವಳು ಜಡೆಯನ್ನು ಅಂಗಿಯೊಳಗೆ ಸೇರಿಸಿಕೊಳ್ಳುತ್ತಿದ್ದಳು.

ಅಪ್ಪ ಪುಸ್ತಕ ಮುಚ್ಚಿದ. "ಒಳ್ಳೇ ಜನ," ಎಂದ. ಕಾಳು ತಂದುಕೊಟ್ಟವರ ವಿಷಯವಿರಬೇಕು. ಕೊನೆಯ ಪದವನ್ನು ಅವನು ಕೇಳಲಿಲ್ಲ. ಅವಳು ದೊಡ್ಡವಳಾದ ಮೇಲೆ ಕೇಳುವುದನ್ನು ಬಿಟ್ಟಿದ್ದ. ಯಾವ ದಿನದಿಂದ ಬಿಟ್ಟನೆಂದು ಅವಳು ಗಮನಿಸಿರಲೇ ಇಲ್ಲ.

ಆ ಮರ ಇವತ್ತು ಸಂಜೆಯ ಓದಿನಲ್ಲಿ ಬರುತ್ತದೆ ಎಂದುಕೊಂಡಳು. ಏಕೋ ಅದೊಂದು ಆಸರೆಯಂತೆ ತೋರಿತು.

ಮಧ್ಯಾಹ್ನವೆಲ್ಲ ಅಮ್ಮ ಮುಂದಿನ ಕೋಣೆಯನ್ನು ಒರೆಸಿದಳು. ಅಲ್ಲಿ ಒರೆಸಲು ಏನೂ ಇರಲಿಲ್ಲ, ವರ್ಷದಲ್ಲಿ ಆ ಕೋಣೆಗೆ ಹೋಗುತ್ತಿದ್ದದ್ದೇ ಅಪರೂಪ. ಆಮೇಲೆ ಇಸ್ತ್ರಿಯ ಹಲಗೆ ಬಿಡಿಸಿ ಟ್ರೀನಾಳ ಬಿಳಿ ಅಂಗಿ ಹಾಸಿದಳು. ಟ್ರೀನಾ ಒಲೆಯ ಪಕ್ಕದ ಸ್ಟೂಲಿನಲ್ಲಿ ಕೂತು ನಿಂಬೆಹಣ್ಣು ಹಿಂಡುತ್ತಿದ್ದಳು. ಬೆರಳಿನ ಸುಕ್ಕಿನೊಳಗೆ ರಸ ಹೋಗಿ ಉರಿಯುತ್ತಿತ್ತು.

"ನಾನೇನೂ ಬಲವಂತ ಮಾಡ್ತಿಲ್ಲ ಮಗಾ," ಎಂದಳು ಅಮ್ಮ, ಇಸ್ತ್ರಿಯನ್ನು ಕಾಲರಿನ ಮೇಲೆ ಒತ್ತುತ್ತಾ.

"ನಾನು ಹಂಗಂದ್ನಾ?"

"ಈಸ್ಟರ್‌ಗೆ ಅಂದ್ರೆ ಅಜ್ಜೀನೂ ನೋಡ್ತಾಳೆ. ಅವಳ ಕಾಲು ಇನ್ನು ಎಷ್ಟು ದಿನವೋ. ಅದಕ್ಕೆ ಅಂದೆ."

"ಅಮ್ಮ, ನೀನು ನಿಂತ್ಯಲ್ಲ, ಅವತ್ತು. ಎಲ್ಲರ ಮುಂದೆ."

"ಹೂಂ."

"ಹೆಂಗನ್ನಿಸ್ತು?"

ಅಮ್ಮ ಇಸ್ತ್ರಿಯನ್ನು ಎತ್ತಿ ಹಿಡಿದಳು. ಆವಿ ಅವಳ ಮುಖದ ಮುಂದೆ ಎದ್ದು ಹೋಯಿತು. "ಹೊಸ ಬೂಟು ಕೊಡ್ಸಿದ್ರು. ಎಡಗಾಲಿಗೆ ಕಚ್ತಿತ್ತು. ಎಷ್ಟೊತ್ತಿಗೆ ಕೂತ್ಕೊಳ್ಳಿ ಅಂತಾರೋ ಅಂತ ಕಾಯ್ತಿದ್ದೆ."

"ಅಷ್ಟೇನಾ?"

"ಆಮೇಲೆ ಕೇಕ್ ಇತ್ತು."

ಟ್ರೀನಾ ನಕ್ಕಳು. ಅಮ್ಮ ನಗಲಿಲ್ಲ. ಅವಳು ಲೇವಡಿ ಮಾಡಿರಲಿಲ್ಲ, ನೆನಪಿದ್ದದ್ದನ್ನು ಹೇಳಿದ್ದಳು. ಟ್ರೀನಾಳ ನಗು ಅರ್ಧದಲ್ಲಿ ನಿಂತು ಏನು ಮಾಡಬೇಕೆಂದು ತಿಳಿಯದೆ ಬಾಯಲ್ಲೇ ಉಳಿಯಿತು.

"ಅಲ್ಲಮ್ಮ. ನಾನು ಕೇಳೋದು, ನೀನು ಯಾವತ್ತಾದ್ರೂ, ಒಳಗೆ..."

"ಒಲೆ ನೋಡು ಮಗಾ. ಕೇಕಿನ ಅಂಚು ಕಂದ್ತಾ ಇರ್ಬೇಕು, ವಾಸನೆ ಬರ್ತಿದೆ."

ವಾಸನೆ ಬರುತ್ತಿರಲಿಲ್ಲ. ಆದರೂ ಟ್ರೀನಾ ಎದ್ದು ಒಲೆಯ ಬಾಗಿಲು ತೆಗೆದು ನೋಡಿದಳು. ಅಮ್ಮ ಹಿಂದಿನಿಂದ ಬಂದು ಟ್ರೇಯನ್ನು ಹೊರಗೆಳೆದು, ಬಿಸಿ ಬಿಸಿಯಲ್ಲೇ ಮೂಲೆಯ ತುಂಡನ್ನು ಕತ್ತರಿಸಿ ಅವಳ ಅಂಗೈಗೆ ಹಾಕಿದಳು. ಚಿಕ್ಕಂದಿನಿಂದಲೂ ಮೂಲೆಯ ತುಂಡು ಅವಳದೇ. ಗರಿಗರಿಯಾಗಿರುತ್ತದೆಂದು.

"ಹಿರಿಯರಿಗೆ ಅಂತ ಮಾಡಿದ್ದು."

"ಹಿರಿಯರಿಗೆ ಮೂಲೆ ಬೇಡ. ಹಲ್ಲಿಲ್ಲ ಹೆಂಕ್‌ಗೆ."

ಬಿಸಿ ತುಂಡನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಳ್ಳುತ್ತಾ ಟ್ರೀನಾ ಅಮ್ಮನನ್ನು ನೋಡಿದಳು. ಈ ಹೆಂಗಸಿಗಾಗಿ ಹೌದು ಎಂದುಬಿಡಬಹುದು. ಇದಕ್ಕಿಂತ ದೊಡ್ಡ ಕಾರಣ ಯಾರಿಗಾದರೂ ಇರುತ್ತದೆಯೇ? ಆದರೆ ಅಮ್ಮನೂ ಯಾರಿಗಾಗಿಯೋ ಹೌದು ಎಂದಿದ್ದರೆ? ಅಜ್ಜಿಯೂ? ಕಾಲು ಕಚ್ಚುವ ಬೂಟುಗಳಲ್ಲಿ ನಿಂತ ಹೆಂಗಸರ ಉದ್ದನೆಯ ಸಾಲು ಕಣ್ಣಿಗೆ ಬಂತು. ಪ್ರತಿಯೊಬ್ಬಳೂ ಹಿಂದಿನವಳ ಮುಖ ನೋಡಿ ಹೌದು ಎನ್ನುತ್ತಿದ್ದಾಳೆ. ಸಾಲಿನ ತುದಿಯಲ್ಲಿ ಯಾರಿದ್ದಾರೆ? ಕಾಣಲಿಲ್ಲ.

ಹಿರಿಯರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದರು. ರಾತ್ರಿಯೂಟದ ತಟ್ಟೆಗಳು ಇನ್ನೂ ಮೇಜಿನ ಮೇಲಿದ್ದವು, ಕಿಟಕಿಯಾಚೆ ಬೆಳಕಿತ್ತು. ಹೆಂಕ್ ಕೂಯ್ಮನ್ ಹಿಂಡಿ ಮೇವಿನ ಅಂಗಡಿಯವನು. ಭಾನುವಾರದ ಕೋಟು ತೊಟ್ಟಿದ್ದ, ತಲೆಯ ಮೇಲೆ ಮಾತ್ರ ಬಿತ್ತನೆ ಬೀಜದ ಕಂಪನಿಯ ಟೋಪಿ. ಹಿಂದೆ ಡ್ವೈಟ್ ರೂರ್ಡಾ, ಬಾಗಿಲಲ್ಲೇ ಬೂಟು ಬಿಚ್ಚುತ್ತಾ.

"ಬೇಗ ಬಂದ್ವಾ?" ಎಂದ ಹೆಂಕ್.

"ಇಲ್ಲ ಇಲ್ಲ, ಬನ್ನಿ, ಮುಂದಿನ ಕೋಣೇಲಿ..." ಎಂದು ಅಮ್ಮ ಎದ್ದಳು.

"ಕೂತ್ಕೋ ಮಾರ್ಲಿಸ್. ಇಲ್ಲೇ ಆಗುತ್ತೆ. ಓದು ಆಗಿಲ್ಲ ತಾನೇ? ನಾವೂ ಕೂತು ಕೇಳ್ತೀವಿ." ಹೆಂಕ್ ಕುರ್ಚಿ ಎಳೆದುಕೊಂಡು ಟ್ರೀನಾಳ ಕಡೆ ತಿರುಗಿದ. "ಏನಮ್ಮ ಪಂಡಿತೆ! ಕರುವಿಗೆ ಹಾಲು ಕುಡಿಸೋದು ನೆನಪಿದೆಯೋ, ಅದನ್ನೂ ಪುಸ್ತಕ ನೋಡಿ ಮಾಡ್ತೀಯೋ?"

"ಬಕೆಟ್ ಚೆಲ್ಲಿಸ್ಕೊಂಡ್ಳು ಬೆಳಿಗ್ಗೆ," ಎಂದ ಅಪ್ಪ.

"ಒಂದು ಬಕೆಟ್ ಹಾಲಿಗೆ ಎಷ್ಟು ಮನಃಶಾಸ್ತ್ರ ಬರುತ್ತೆ ಡ್ವೈಟ್? ಲೆಕ್ಕ ಹಾಕು."

ಡ್ವೈಟ್ ಸಂಕೋಚದಿಂದ ನಕ್ಕ. "ಟ್ರೀನಾ ಲೆಕ್ಕದಲ್ಲಿ ಜಾಣೆ. ಉತ್ತರ ಯಾವಾಗ್ಲೂ ಸರಿ. ಹೆಂಗೆ ಬಂತು ಅಂತ ಮಾತ್ರ ಬರೀತಿರ್ಲಿಲ್ಲ."

ಅಮ್ಮ ಖಾಲಿ ಕುರ್ಚಿಯೊಂದನ್ನು ಸುಮ್ಮನೆ ಸರಿಪಡಿಸಿದಳು. ಹೆಂಕ್ ಕೋಟಿನ ಜೇಬಿನಿಂದ ಪೆಪ್ಪರ್‌ಮಿಂಟಿನ ಸುರುಳಿ ತೆಗೆದು ಮೇಜಿನ ಸುತ್ತ ದಾಟಿಸಿದ. ಚರ್ಚಿನಲ್ಲಿ ಪ್ರವಚನ ಶುರುವಾಗುವಾಗ ಬೆಂಚಿನಿಂದ ಬೆಂಚಿಗೆ ದಾಟುವಂತೆಯೇ. ಎಲ್ಲರೂ ಒಂದೊಂದು ಬಾಯಿಗೆ ಹಾಕಿಕೊಂಡರು. ಓದಬೇಕಾದವನು ಅಪ್ಪ, ಅವನು ತೆಗೆದುಕೊಳ್ಳಲಿಲ್ಲ. ಟ್ರೀನಾ ತನ್ನದನ್ನು ಅಂಗೈಯಲ್ಲೇ ಹಿಡಿದುಕೊಂಡಳು.

ಅಪ್ಪ ಓದಲು ತೊಡಗಿದ. ಸೈನ್ಯ ಊರ ಬಾಗಿಲಿನಿಂದ ಹೊರಡುತ್ತದೆ. ರಾಜ ಬಾಗಿಲ ಪಕ್ಕದಲ್ಲಿ ನಿಂತು ಒಬ್ಬೊಬ್ಬ ಸೇನಾಪತಿಗೂ ಹೇಳುತ್ತಾನೆ, ಆ ಹುಡುಗನ ಮೇಲೆ ಒರಟಾಗಬೇಡಿ, ನನಗಾಗಿ. ಕಾಡಿನಲ್ಲಿ ಯುದ್ಧ. ಕತ್ತಿ ನುಂಗಿದವರಿಗಿಂತ ಕಾಡು ನುಂಗಿದವರೇ ಹೆಚ್ಚು. ಟ್ರೀನಾ ಮುಂದಕ್ಕೆ ಬಾಗಿದಳು. ಈಗ ಹೇಸರಗತ್ತೆ ಬರುತ್ತದೆ. ಈಗ ಮರ.

ಅಪ್ಪ ಹೆಬ್ಬೆರಳಿಗೆ ಎಂಜಲು ಮುಟ್ಟಿಸಿ ಹಾಳೆ ತಿರುವಿದ.

ರಾಜ ನದಿ ದಾಟುತ್ತಿದ್ದ. ಅವನ ಮನೆಯವರನ್ನು ದಾಟಿಸಲು ದೋಣಿ ಬಂದಿತ್ತು. ಯಾರೋ ಕುಂಟ ಬಂದು ಕಾಲಿಗೆ ಬೀಳುತ್ತಾನೆ. ಯಾರೋ ಮುದುಕ, ನನಗಿನ್ನು ಊಟದ ರುಚಿಯೂ ತಿಳಿಯುವುದಿಲ್ಲ, ಹಾಡುವವರ ಧ್ವನಿಯೂ ಕೇಳಿಸುವುದಿಲ್ಲ, ನಾನು ಅರಮನೆಗೆ ಬಂದೇನು ಮಾಡಲಿ ಎನ್ನುತ್ತಾನೆ.

ಕಾಡಿನಲ್ಲಿ ಶುರುವಾದ ವಾಕ್ಯ ನದಿಯಲ್ಲಿ ಮುಗಿದಿತ್ತು. ನಡುವೆ ಮರವಿರಲಿಲ್ಲ. ಕೂದಲಿರಲಿಲ್ಲ. ರಾಜನ ಮಗ ಸತ್ತೇ ಇರಲಿಲ್ಲ, ರಾಜ ಅತ್ತೂ ಇರಲಿಲ್ಲ. ಮುದಿ ರಾಜ ಸುಮ್ಮನೆ ಮನೆಗೆ ಹೊರಟಿದ್ದ.

ಟ್ರೀನಾ ತಲೆಯೆತ್ತಿದಳು. ಅಪ್ಪನ ಧ್ವನಿ ಎಲ್ಲೂ ಎಡವಿರಲಿಲ್ಲ. ಅದೇ ಹದ, ಅದೇ ಏರಿಳಿತ. ಡ್ವೈಟ್ ಕಣ್ಣು ಮುಚ್ಚಿದ್ದ. ಹೆಂಕ್‌ನ ದವಡೆ ನಿಧಾನವಾಗಿ ಆಡುತ್ತಿತ್ತು. ಅಮ್ಮ ಮೇಜುಬಟ್ಟೆಯ ಮೇಲಿನ ಚೂರುಗಳನ್ನು ಬೆರಳ ತುದಿಯಲ್ಲಿ ಒತ್ತಿ ಒತ್ತಿ ತೆಗೆಯುತ್ತಿದ್ದಳು. ಯಾರೂ ಅಲುಗಾಡಲಿಲ್ಲ. ಗೊತ್ತಾಗಿಯೂ ಮರ್ಯಾದೆಗೆ ಸುಮ್ಮನಿದ್ದಾರೆಯೇ? ಹಿರಿಯರು ಹಾಗೆ ಸುಮ್ಮನಿರಬಲ್ಲರು. ಊರೇ ಹಾಗೆ ಸುಮ್ಮನಿರಬಲ್ಲದು.

ಅಪ್ಪನ ಧ್ವನಿ ನಿಧಾನವಾಯಿತು, ಇಳಿಯಿತು, ನಿಂತಿತು. ಪುಸ್ತಕ ಮುಚ್ಚಿಕೊಂಡಿತು. ಅವನ ತೋರುಬೆರಳು ಒಳಗೇ ಉಳಿದಿತ್ತು, ಗುರುತಿಗೆ.

"ಆಮೆನ್," ಎಂದ ಹೆಂಕ್. ತಲೆ ಕೊಡವಿದ. "ಆ ಮರ ಬರುತ್ತಲ್ಲ. ಎಷ್ಟು ಸಲ ಕೇಳಿದ್ರೂ ಮೈ ಜುಂ ಅನ್ನುತ್ತಪ್ಪ ನಂಗೆ."

"ಕೂದಲು," ಎಂದ ಡ್ವೈಟ್, ಕಣ್ಣು ತೆರೆಯುತ್ತಾ.

"ಪಾಪ, ಆ ಅಪ್ಪ," ಎಂದಳು ಅಮ್ಮ. ಅವಳ ಕಣ್ಣು ನಿಜವಾಗಿ ಒದ್ದೆಯಾಗಿತ್ತು. "ಹೆಂಗೆ ಅಳ್ತಾನೆ ಅಲ್ವಾ, ಆ ಬಾಗಿಲ ಮೇಲಿನ ಕೋಣೇಲಿ."

ಟ್ರೀನಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಓದದೇ ಇದ್ದದ್ದನ್ನು ಇವರು ಕೇಳಿದ್ದರು. ಓದಿದ್ದನ್ನೆಲ್ಲ ಕೇಳಿಸಿಕೊಂಡ ಅವಳಿಗೆ ಸಿಕ್ಕದ್ದು ಒಂದು ತೂತು. ಇದರಲ್ಲಿ ಯಾರು ಕಿವುಡರು? ಅಮ್ಮನ ಕಣ್ಣೀರು ಸುಳ್ಳಲ್ಲ. ಹಾಗಾದರೆ ಅದು ಎಲ್ಲಿಂದ ಬಂತು?

"ಸರಿ," ಎಂದು ಹೆಂಕ್ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದ. ಧ್ವನಿ ಬದಲಾಯಿತು. "ಆರ್ಲನ್. ಹೆಂಗಿದೆ ನಿಮ್ಮನೇಲಿ? ದೇವರ ಜೊತೆ."

"ನಡೀತಾ ಇದೆ," ಎಂದ ಅಪ್ಪ.

"ನಡೀಬೇಕು."

"ನಡೀಬೇಕು," ಎಂದ ಡ್ವೈಟ್‌ ಕೂಡ.

ಅಮ್ಮ ಕಾಫಿ ತರಲು ಎದ್ದಳು. ಅಮ್ಮನ ಸರದಿ ಬರುವ ಹೊತ್ತಿಗೆ ಅಮ್ಮ ಯಾವಾಗಲೂ ಕಾಫಿ ತರಲು ಎದ್ದಿರುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಯಾರೂ ಅವಳನ್ನು ಕೇಳಿದ್ದು ಟ್ರೀನಾಳಿಗೆ ನೆನಪಾಗಲಿಲ್ಲ.

ಟ್ರೀನಾಳ ಕಣ್ಣು ಅಪ್ಪನ ಬೆರಳ ಪಕ್ಕಕ್ಕೆ ಹೋಯಿತು. ಪುಸ್ತಕದ ಅಂಚಿನಲ್ಲಿ, ತೆಳು ಹಾಳೆಗಳ ನಡುವೆ, ಒಂದು ಹಾಳೆ ದಪ್ಪಗಿತ್ತು. ಒಂದಲ್ಲ, ಎರಡೋ ಮೂರೋ ಅಂಟಿಕೊಂಡು ಒಂದಾದದ್ದು. ತುದಿಯಲ್ಲಿ ಕಂದು ಕಲೆ. ಪ್ಯಾನ್‌ಕೇಕಿನ ಪಾಕವಿರಬೇಕು. ಮೇಜಿಗೆ ಒರಗಿದವಳಂತೆ ಅವಳು ಕೈ ಚಾಚಿ ಉಗುರಿನಿಂದ ಮುಟ್ಟಿ ನೋಡಿದಳು. ಗಾಜಿನ ಹಾಗೆ ಗಟ್ಟಿಯಾಗಿತ್ತು. ನಿನ್ನೆ ಮೊನ್ನೆಯದಲ್ಲ. ಯಾವುದೋ ಕಾಲದ್ದು.

ಅಂದರೆ ಹಿಂದಿನ ಸುತ್ತಿನಲ್ಲೂ ಹೀಗೇ ಆಗಿತ್ತು. ಅದರ ಹಿಂದಿನದರಲ್ಲೂ. ಈ ಮನೆಯಲ್ಲಿ ರಾಜ ಪ್ರತಿ ಸಲವೂ ಕಾಡಿನಿಂದ ನೇರ ನದಿಗೆ ಬಂದಿದ್ದಾನೆ. ಅವಳು ಇದೇ ಕುರ್ಚಿಯಲ್ಲಿ, ನೆಲ ಮುಟ್ಟದ ಕಾಲುಗಳನ್ನು ತೂಗಿಸುತ್ತಾ ಕೂತು, ಇದೇ ಅಧ್ಯಾಯದ ಕೊನೆಯ ಪದವನ್ನು ಹೇಳಿದ್ದಾಳೆ. ಸರಿಯಾಗಿ ಹೇಳಿದ್ದಾಳೆ. ಅಪ್ಪನ ಕೈ ಅವಳ ತಲೆಯ ಮೇಲೆ ಬಂದು ಕೂತಿದೆ. ಆ ಕೈಯ ಭಾರ ಈಗಲೂ ನೆತ್ತಿಯಲ್ಲಿತ್ತು. ಅವಳ ಬಳಿ ದೇವರೆಂದು ಹೇಳಬಹುದಾದದ್ದು ಏನಾದರೂ ಇದ್ದರೆ ಅದು ಆ ಭಾರವೇ. ಅದನ್ನೂ ಈಗ ತೆಗೆದಿಡಬೇಕೇ?

"ಟ್ರೀನಾ."

ಹೆಂಕ್ ಅವಳನ್ನೇ ನೋಡುತ್ತಿದ್ದ. ತಮಾಷೆಯ ಮುಖವಲ್ಲ. ಒಳ್ಳೆಯ ಮುಖ. ಅಜ್ಜಿಯ ಕಾಲು ಮುರಿದಾಗ ಬಿರುಗಾಳಿಯಲ್ಲಿ ಹಿಮ ತಳ್ಳಿ ದಾರಿ ಮಾಡಿಕೊಟ್ಟವನು.

"ಯೋಚಿಸ್ತೀನಿ ಅಂದಿದ್ದೆ ಹೋದ ವರ್ಷ. ಯೋಚಿಸಿದ್ಯಾ ಮಗಳೇ? ಈಸ್ಟರ್‌ಗೆ ನಿಲ್ತೀಯಾ?"

ಅಡುಗೆಮನೆಯ ಕಟ್ಟೆಯ ಬಳಿ ಕಪ್ಪುಗಳ ಸದ್ದು ನಿಂತಿತು. ಅಮ್ಮ ತಿರುಗಲಿಲ್ಲ. ಅವಳ ಬೆನ್ನು ಕೇಳಿಸಿಕೊಳ್ಳುತ್ತಿತ್ತು.

ಒಂದೇ ಪದ ಬೇಕಿತ್ತು. ಅದು ಟ್ರೀನಾಳ ನಾಲಿಗೆಯ ತುದಿಗೆ ಆಗಲೇ ಬಂದು ಕೂತಿತ್ತು, ಎಷ್ಟೋ ವರ್ಷಗಳ ಅಭ್ಯಾಸದಿಂದ. ಧ್ವನಿ ಇಳಿದಿದೆ, ಎಲ್ಲರೂ ಕಾಯುತ್ತಿದ್ದಾರೆ, ಪದ ಹೇಳಿದರೆ ಮುಗಿಯಿತು. ಕೈ ಬಂದು ತಲೆಯ ಮೇಲೆ ಕೂರುತ್ತದೆ. ಅಮ್ಮ ನಿಂಬೆ ಕೇಕು ಹಂಚುತ್ತಾಳೆ.

ಅಂಗೈಯಲ್ಲಿ ಪೆಪ್ಪರ್‌ಮಿಂಟು ಕರಗಿ ಅಂಟಾಗಿತ್ತು. ಕೊಟ್ಟಿಗೆಯ ಕಡೆಯಿಂದ ಕರು ಒಂದೇ ಸಮನೆ ಕೂಗುತ್ತಿತ್ತು.

ಅವಳು ಹೆಂಕ್‌ನನ್ನು ನೋಡಲಿಲ್ಲ. ಅಪ್ಪನನ್ನು ನೋಡಿದಳು. ಅರ್ಧ ಬಿಳಿ ಅರ್ಧ ಕೆಂಪು ಹಣೆ, ಪುಸ್ತಕದೊಳಗೆ ಸ್ವಲ್ಪವೇ ತೂರಿಕೊಂಡ ಬೆರಳು. ಬಾಯಿ ತೆರೆದಾಗ ಬಂದ ಧ್ವನಿ ಅವಳಿಗೇ ಗುರುತು ಸಿಗಲಿಲ್ಲ. ಅದು ಕಾಲೇಜಿನ ಹುಡುಗಿಯದಲ್ಲ, ನೆಲಕ್ಕೆ ಕಾಲು ಮುಟ್ಟದ ಮಗುವಿನದು.

"ಅಪ್ಪಾ," ಎಂದಳು. "ಕೊನೇ ಪದ ಯಾವುದು?"

ಡ್ವೈಟ್‌ನ ಮುಖದಲ್ಲಿ ನಗುವೊಂದು ಶುರುವಾಗಿ, ಮುಗಿಯದೆ, ಅಲ್ಲೇ ನಿಂತಿತು. ಮೇಜಿನ ಸುತ್ತ ದವಡೆಗಳು ಮೆಲ್ಲಗೆ ಪೆಪ್ಪರ್‌ಮಿಂಟು ಚೀಪುತ್ತಿದ್ದವು. ಅಪ್ಪ ಬೆರಳನ್ನು ಪುಸ್ತಕದಿಂದ ಹೊರಗೆ ತೆಗೆದ. ತಲೆಯೆತ್ತಿದ. ಅವನ ತುಟಿಗಳು ಒಂದನ್ನೊಂದು ಒತ್ತಿ, ಬಿಟ್ಟು, ಮತ್ತೆ ಒತ್ತಿದವು. ಬಾಯಲ್ಲಿ ಏನೂ ಇರಲಿಲ್ಲ.